ವರ್ಧನೆ ಹಿಡಿದು ನಿಮ್ನ ದರ್ಪಣದ ಸಂಗಮ ದೂರ: ನನ್ನ ಅನುಭವ

ಒಳಗೆ ಬಾಗಿದ ಕನ್ನಡಿ (ನಿಮ್ನ ದರ್ಪಣ) ಪರದೆ ಮೇಲೆ ಮೂಡಿಸೋ ಬಿಂಬದ ಸೈಜ್ ಅಳೆದು ಅದರ ಸಂಗಮ ದೂರ, ಅಂದ್ರೆ ಫೋಕಲ್ ಲೆಂತ್ (ತುಂಬಾ ದೂರದಿಂದ ಬಂದ ಬೆಳಕು ಕೂಡೋ ಜಾಗಕ್ಕೂ ಕನ್ನಡಿಗೂ ಇರೋ ದೂರ) ತೆಗೀತೀನಿ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ, ಮಸುಕು ಅಂಚು ಅಳೆದು ಏನ್ ಸಿಗುತ್ತೆ, ಸುಮ್ನೆ ಯು-ವಿ ಮೆಥಡ್ (ಕನ್ನಡಿಯಿಂದ ವಸ್ತುವಿಗೆ ಯು, ಬಿಂಬಕ್ಕೆ ವಿ, ಈ ಎರಡು ದೂರ ಅಳೆದು ಲೆಕ್ಕ ಹಾಕೋದು) ಮಾಡು ಅಂದ್ರು. ಈಗ ಯಾವಾಗ ಅಳೆದ್ರೂ 19.5 ಸೆಂ.ಮೀ. ಆಸುಪಾಸೇ ಬರ್ತಿದೆ.

ಯು-ವಿ ಬಗ್ಗೆ ನನ್ನ ತಕರಾರು ಇಷ್ಟೇ, ದೂರನ ಎಲ್ಲಿಂದ ಅಳೀಬೇಕು? ಕನ್ನಡಿ ಸ್ಟ್ಯಾಂಡ್ ಒಳಗೆ ಕೂತಿರುತ್ತೆ, ಹೊಳೆಯೋ ಲೇಪ ಹಿಂದಿದ್ರೆ ಗಾಜಿನ ದಪ್ಪ ಬೇರೆ. ದೂರದ ಕಿಟಕಿಯ ಬಿಂಬ ಹಿಡಿದು ಸ್ಟ್ಯಾಂಡಿನ ಗುರುತಿಂದ ಅಳೆದ್ರೆ 21 ತೋರಿಸ್ತಿತ್ತು. ವರ್ಧನೆಯಲ್ಲಿ, ಅಂದ್ರೆ ಬಿಂಬ ವಸ್ತುವಿನ ಎಷ್ಟು ಪಟ್ಟು ಅನ್ನೋ ಲೆಕ್ಕದಲ್ಲಿ, ಆ ಜಗಳನೇ ಇಲ್ಲ. ವಸ್ತುನ ಕನ್ನಡಿ ಹತ್ತಿರ ಸರಿಸಿ ಬಿಂಬನ ಮತ್ತೆ ಹಿಡಿಯೋಕೆ ಪರದೆ ಎಷ್ಟು ಸರೀತು ಅನ್ನೋದನ್ನ ವರ್ಧನೆ ಎಷ್ಟು ಏರಿತು ಅನ್ನೋದರಿಂದ ಭಾಗಿಸಿದ್ರೆ ಆಯ್ತು. ವರ್ಧನೆ 1ರಿಂದ 3ಕ್ಕೆ ಹೋಗೋಕೆ ಪರದೆ ಸುಮಾರು 39 ಸೆಂ.ಮೀ. ಹಿಂದೆ ಹೋಯ್ತು, ಅಲ್ಲಿಗೆ 19.5.

ವಸ್ತುವಾಗಿ ಮೊದಲು ಕ್ಯಾಂಡಲ್ ಇಟ್ಟಿದ್ದು ಕೈಕೊಡ್ತು, ಜ್ವಾಲೆ ಕುಣಿಯುತ್ತೆ, ತುದಿ ಎಲ್ಲಿ ಅಂತ ಅಳೀತೀರಾ. ಆಮೇಲೆ ಎಲ್‌ಇಡಿ ಟಾರ್ಚ್ ಮುಂದೆ ಟ್ರೇಸಿಂಗ್ ಪೇಪರ್, ಅದರ ಮೇಲೆ 2 ಸೆಂ.ಮೀ. ಅಂತರದಲ್ಲಿ ಎರಡು ತೆಳು ಗೆರೆ. ಬಿಂಬದಲ್ಲಿ ಗೆರೆಯ ಅಂಚು ಅಳೀಬೇಡಿ, ಒಂದರ ನಡುವಿಂದ ಇನ್ನೊಂದರ ನಡುವಿಗೆ ಅಳೀರಿ. ಮಸುಕು ಎರಡೂ ಬದಿಗೆ ಸಮನಾಗಿ ಹರಡುತ್ತೆ, ನಡು ಅಲ್ಲೇ ಇರುತ್ತೆ. ಅನುಮಾನ ಪಟ್ಟವರಿಗೆ ಇದೇ ಉತ್ತರ.

ಪರದೆ ಬೆಳಕಿಗೆ ಅಡ್ಡ ಬರುತ್ತೆ ಅಂತ ಕನ್ನಡಿ ಓರೆ ಮಾಡ್ತೀವಲ್ಲ, ಅದು ಜಾಸ್ತಿ ಆದ್ರೆ ಉದ್ದ ಗೆರೆ ಒಂದು ಕಡೆ, ಅಡ್ಡ ಗೆರೆ ಇನ್ನೊಂದು ಕಡೆ ಫೋಕಸ್ ಆಗುತ್ತೆ, ಆಗ ಯಾವ ಲೆಕ್ಕನೂ ಕೂಡಲ್ಲ. ಕನ್ನಡಿಗೆ ಕಪ್ಪು ಕಾಗದ ಮುಚ್ಚಿ ಮಧ್ಯೆ ತೂತು ಬಿಟ್ಟ ಮೇಲೆ ಬಿಂಬ ಚೊಕ್ಕ ಆಯ್ತು, ಆದರೆ ತೂತು ತೀರಾ ಚಿಕ್ಕದಾದ್ರೆ ಪರದೆ ಎಲ್ಲಿಟ್ರೂ ಸ್ಪಷ್ಟ ಅನ್ಸುತ್ತೆ. ನನ್ನ ತೂತಿನ ಅಳತೆ ಮಾತ್ರ ಹೇಳಲ್ಲ, ಅದು ಕೈಗೆ ಕೂರಿಸ್ಕೊಂಡಿರೋದು.

ಆಪ್ಟಿಕಲ್ ಬೆಂಚಿಗೆ (ಕನ್ನಡಿ, ಪರದೆ ಕೂರಿಸಿ ಸರಿಸೋ ಅಳತೆಪಟ್ಟಿ ಇರೋ ಹಳಿ) ದುಡ್ಡು ಸುರಿಯೋದು ಬೇಡ, ಮೀಟರ್ ಸ್ಕೇಲ್ ಸಾಕು. ದುಡ್ಡು ದಂಡ ಆಗಿದ್ದು ದೊಡ್ಡ ಶೇವಿಂಗ್ ಕನ್ನಡಿಗೆ, ಅದರ ಅಂಚಿನ ಬಾಗು ಬೇರೆ, ನಡುವಿನ ಬಾಗು ಬೇರೆ.

ನಡುವೆ ಕನ್ನಡಿ ಮಲಗಿಸಿ ತೆಳ್ಳಗೆ ನೀರು ಹಾಕಿ ನೋಡಿದೆ, ಮೇಲೆ ಹಿಡಿದ ಪಿನ್ನೂ ಅದರ ಬಿಂಬವೂ ಕೂಡೋ ಎತ್ತರ 39 ಸೆಂ.ಮೀ.ನಿಂದ 29ರ ಹತ್ತಿರಕ್ಕೆ ಇಳೀತು, ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ ನೀರಿನ ವಕ್ರೀಭವನ ಸೂಚ್ಯಂಕ (ನೀರು ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) 1.33 ಹತ್ತಿರಹತ್ತಿರ ಕೈಗೆ ಬಂತು!

ಮಾಡೋರು ವರ್ಧನೆ 1ಕ್ಕಿಂತ ಕಡಿಮೆ ಇರೋ ಕಡೆ ರೀಡಿಂಗ್ ತಗೋಬೇಡಿ, ಅಲ್ಲಿ ಪರದೆ ಸರಿಯೋದೇ ಕಮ್ಮಿ, ಒಂದೆರಡು ಮಿ.ಮೀ. ತಪ್ಪಿದ್ರೂ ಉತ್ತರ ಎಲ್ಲೋ ಹೋಗುತ್ತೆ.