ಸಾಲದ ಪುಸ್ತಕ ತುಂಬಿದಾಗ ನನಗೆ ಸಮಾಧಾನವಾಯಿತು

2021ರ ಸೆಪ್ಟೆಂಬರ್ 1ರ ಪೇಪರಿನಲ್ಲಿ ದೊಡ್ಡದಾಗಿ ಬಂದಿತ್ತು: ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಆರ್ಥಿಕತೆ ಶೇ 20.1ರಷ್ಟು ಬೆಳೆದಿದೆ ಅಂತ. ಬೆಳಿಗ್ಗೆ ನನ್ನ ಅಂಗಡಿಗೆ ಹಾಲು ತಗೊಳ್ಳೋಕೆ ಬಂದ ಫಿಟ್ಟರ್ ಒಬ್ಬ ಅದನ್ನು ಎರಡು ಸಲ ಓದಿ, "ಅಣ್ಣ, ಇದನ್ನ ನಮ್ಮ ಓನರ್‌ಗೂ ಯಾರಾದ್ರೂ ಓದಿ ಹೇಳ್ರಣ್ಣ" ಅಂದ. ಅವನಿಗೆ ಆಗ ವಾರಕ್ಕೆ ನಾಲ್ಕೇ ದಿನ ಕೆಲಸ.

ನಾನು ಪೊಟ್ಟಣದ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ ಶೇ 24.4 ಬಿದ್ದಿತ್ತು. ಅಂದರೆ ನೂರು ರೂಪಾಯಿ ಎಪ್ಪತ್ತೈದೂವರೆಗೆ ಇಳಿಯಿತು. ಎಪ್ಪತ್ತೈದೂವರೆ ಮೇಲೆ ಇಪ್ಪತ್ತು ಪರ್ಸೆಂಟ್ ಏರಿದರೂ ಆಗೋದು ತೊಂಬತ್ತು ಚಿಲ್ಲರೆ. ಇನ್ನೂ ಒಂಬತ್ತು ರೂಪಾಯಿಗೂ ಮೇಲೆ ಬಾಕಿ. ಆ ಬಾಕಿ ಯಾರ ಮನೆಯಲ್ಲಿ ಕೂತಿದೆ ಅನ್ನೋದು ಪೇಪರಿನಲ್ಲಿರಲಿಲ್ಲ, ನನ್ನ ಪುಸ್ತಕದಲ್ಲಿತ್ತು.

ನನ್ನದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕ, ರಾಜಗೋಪಾಲನಗರದ ಒಳರಸ್ತೆಯಲ್ಲಿ ಒಂದು ದಿನಸಿ ಅಂಗಡಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಲೇತ್ ಮೇಲೆ, ಅಂದರೆ ಕಬ್ಬಿಣ ಕಡೆಯುವ ಮೆಷಿನ್ ಮೇಲೆ, ನಿಂತವನು. ಅಳತೆ ತಗೊಳ್ಳದೆ ಏನನ್ನೂ ನಂಬದ ಚಾಳಿ ಅಲ್ಲಿಂದ ಅಂಟಿಕೊಂಡಿದ್ದು. 2020ರ ಜೂನ್‌ನಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ, ಎಷ್ಟು ಮಾಲು ತರಿಸಬೇಕು ಅನ್ನೋದೇ ಗೊತ್ತಾಗದೆ ಒಂದು ಹಳೇ ಡೈರಿಯಲ್ಲಿ ಪ್ರತಿ ಸೋಮವಾರ ಕೆಲವು ಸಂಖ್ಯೆ ಬರೆಯೋಕೆ ಶುರು ಮಾಡಿದೆ. ಓದಿಕೊಂಡವರ ಸೂಚ್ಯಂಕ ಮಾಡುವ ಉದ್ದೇಶವೇನೂ ಇರಲಿಲ್ಲ. ಬಿಸ್ಕತ್ತಿಗೆ ಬೂಷ್ಟು ಹಿಡಿದರೆ ನಷ್ಟ ನನ್ನದೇ ತಾನೆ.

ಮೊದಲು ಬರೆದದ್ದು ದಿನದ ವ್ಯಾಪಾರದ ಮೊತ್ತ. ಅದೇ ಮೊದಲ ತಪ್ಪು. ಆ ವರ್ಷ ದಸರಾದಿಂದ ದೀಪಾವಳಿವರೆಗೆ ಗಲ್ಲಾ ಚೆನ್ನಾಗಿ ತುಂಬಿತು. ಎಲ್ಲಾ ಸರಿಹೋಯಿತು ಅಂದುಕೊಂಡೆ. ಹಬ್ಬದ ಕಾವಿನ ಜೊತೆ ಅಡುಗೆ ಎಣ್ಣೆ ರೇಟೂ ಏರಿತ್ತು ಅನ್ನೋದನ್ನು ಗಮನಿಸಲಿಲ್ಲ. ದುಡ್ಡು ಅಷ್ಟೇ ಬರುತ್ತಿತ್ತು, ಗಿರಾಕಿಯ ಚೀಲ ಮಾತ್ರ ಹಗುರವಾಗಿತ್ತು. ಜನವರಿಯಲ್ಲಿ ಧೈರ್ಯ ಮಾಡಿ ಹೆಚ್ಚು ಮಾಲು ಇಳಿಸಿದೆ. ಏಪ್ರಿಲ್ 27ಕ್ಕೆ ರಾಜ್ಯದಲ್ಲಿ ಮತ್ತೆ ಕರ್ಫ್ಯೂ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಎರಡನೇ ಅಲೆ ಬರುತ್ತೆ ಅಂತ ಯಾವ ಡೈರಿಯೂ ಹೇಳುತ್ತಿರಲಿಲ್ಲ, ಅದನ್ನು ಬಿಡಿ. ಆದರೆ ರೂಪಾಯಿ ಎಣಿಸದೆ ಪ್ಯಾಕೆಟ್ ಎಣಿಸಿದ್ದರೆ ಅಷ್ಟು ಮಾಲು ತರಿಸುತ್ತಿರಲಿಲ್ಲ.

ಅಲ್ಲಿಂದ ಮುಂದೆ ಎಣಿಸಿದ್ದೆಲ್ಲ ಸಾಮಾನಿನ ಲೆಕ್ಕ. ತೊಗರಿಬೇಳೆ ಕಾಲು ಕೇಜಿ ಎಷ್ಟು ಜನ, ಒಂದು ಕೇಜಿ ಎಷ್ಟು ಜನ. ಶಾಂಪೂ ಸ್ಯಾಷೆ ಎಷ್ಟು, ಬಾಟಲಿ ಎಷ್ಟು. ಅರ್ಧ ಲೀಟರ್ ಎಣ್ಣೆ, ಒಂದು ಲೀಟರ್ ಎಣ್ಣೆ. ಕಷ್ಟ ಬಂದಾಗ ಜನ ಊಟ ಬಿಡಲ್ಲ, ತಿಂಗಳ ಸಾಮಾನನ್ನು ದಿನದ ಸಾಮಾನು ಮಾಡಿಕೊಳ್ಳುತ್ತಾರೆ. ಬೇಳೆ ಕಾಲು ಕೇಜಿಯಿಂದ ಅರ್ಧಕ್ಕೆ, ಅರ್ಧದಿಂದ ಒಂದಕ್ಕೆ ಬರೋಕೆ ನಮ್ಮ ಬೀದಿಯಲ್ಲಿ ವರ್ಷದ ಮೇಲೆ ಹಿಡಿಯಿತು. ಐದು ರೂಪಾಯಿ ಬಿಸ್ಕತ್ತನ್ನು ಮಾತ್ರ ಲೆಕ್ಕಕ್ಕೆ ತಗೋಬಾರದು. ಅದು ಕೆಟ್ಟ ಕಾಲದಲ್ಲೇ ಜಾಸ್ತಿ ಓಡೋದು, ಜೊತೆಗೆ ರೇಟ್ ಹಾಗೇ ಇಟ್ಟು ತೂಕ ಇಳಿಸುತ್ತಾ ಬರುತ್ತಾರೆ.

ಇನ್ನು ಸಾಲದ ಪುಸ್ತಕ. ಅಂಗಡಿಯಲ್ಲಿ "ಇಂದು ನಗದು, ನಾಳೆ ಸಾಲ" ಅನ್ನೋ ಬೋರ್ಡ್ ಇದೆ. ಅದರ ಕೆಳಗೇ ಕೂತು ಸಾಲ ಬರೆಯುತ್ತೇನೆ, ಕಾರ್ಖಾನೆ ಏರಿಯಾದಲ್ಲಿ ಸಾಲ ಕೊಡದೆ ಅಂಗಡಿ ನಡೆಯಲ್ಲ. 2020ರ ಮಾರ್ಚ್‌ನಲ್ಲಿ ನನ್ನ ಹತ್ತಿರ ಅರವತ್ತಕ್ಕೂ ಹೆಚ್ಚು ಲೆಕ್ಕಗಳಿದ್ದವು. ಮೇ ತಿಂಗಳಲ್ಲಿ ಒಡಿಶಾ, ಬಿಹಾರದ ಹುಡುಗರು ಶ್ರಮಿಕ್ ರೈಲು ಹತ್ತಿದರು. ರಾಯಚೂರು, ಯಾದಗಿರಿ ಕಡೆಯವರು ಬಸ್ಸು ಹಿಡಿದರು. ಜೂನ್‌ನಲ್ಲಿ ಸಾಲ ಬರೆಸುವವರು ಹದಿನೈದು ಮನೆಯೂ ಇರಲಿಲ್ಲ. ಮನೆಯವಳು, "ಪರವಾಗಿಲ್ಲ ಬಿಡಿ, ಈ ತಿಂಗಳು ಸಾಲದ ಕಾಟ ಇಲ್ಲ" ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟ. ಸಾಲ ಕೇಳುವವರೇ ಇಲ್ಲ ಅಂದರೆ ನಮ್ಮ ಬೀದಿಯಲ್ಲಿ ಜನವೇ ಇಲ್ಲ ಅಂತ ತಾನೆ ಅರ್ಥ.

ಸಾಲ ಹೆಚ್ಚಾದರೆ ಕಷ್ಟ ಹೆಚ್ಚಾಯಿತು ಅಂತ ಎಲ್ಲರೂ ತಿಳಿಯೋದು. ನನ್ನ ಪುಸ್ತಕ ತೋರಿಸಿದ್ದು ಉಲ್ಟಾ. ಚೇತರಿಕೆ ಶುರುವಾಗುವ ಹೊತ್ತಿಗೆ ಸಾಲ ಮೊದಲು ಏರುತ್ತದೆ. ಊರಿಂದ ವಾಪಸ್ ಬಂದವನು ಕೆಲಸಕ್ಕೆ ಸೇರಿರುತ್ತಾನೆ, ಸಂಬಳ ಕೈಗೆ ಬರೋಕೆ ಇನ್ನೂ ಒಂದು ತಿಂಗಳು. ಆ ತಿಂಗಳನ್ನು ಅವನು ನನ್ನ ಅಂಗಡಿಯಲ್ಲೇ ದಾಟಬೇಕು. ಒಡಿಶಾದ ಒಬ್ಬ ವೆಲ್ಡರ್ ಹೋಗುವಾಗ ಸಾವಿರದ ಇನ್ನೂರು ಚಿಲ್ಲರೆ ಬಾಕಿ ಇಟ್ಟಿದ್ದ, ಇನ್ನು ಬರಲ್ಲ ಅಂತ ನಾನು ಆಸೆ ಬಿಟ್ಟಿದ್ದೆ. ಎಂಟು ತಿಂಗಳಾದ ಮೇಲೆ ಬಂದು ಐನೂರು ಕೊಟ್ಟು, ಅಲ್ಲೇ ಆರುನೂರಕ್ಕೆ ಅಕ್ಕಿ, ಎಣ್ಣೆ, ಆಲೂಗಡ್ಡೆ ಬರೆಸಿದ. ಲೆಕ್ಕದಲ್ಲಿ ನನಗೆ ನೂರು ರೂಪಾಯಿ ಕೆಳಗೆ. ಆದರೂ ಆ ಸೋಮವಾರ ಡೈರಿಯಲ್ಲಿ ಅವನ ಲೆಕ್ಕಕ್ಕೆ ಕೆಂಪು ಪೆನ್ನಿನಿಂದ ಗುರುತು ಹಾಕಿದೆ.

ಬಾಕಿ ಮೊತ್ತಕ್ಕಿಂತ ನಾನು ನೋಡೋದು ತಾರೀಖು. ಇಲ್ಲಿ ಸಂಬಳ ಏಳರಿಂದ ಹತ್ತನೇ ತಾರೀಖಿನೊಳಗೆ. ಆಮೇಲೆ ಮೊದಲ ಸಾಲ ಯಾವತ್ತು ಬರೆಸುತ್ತಾರೆ? ಹನ್ನೆರಡಕ್ಕೇ ಬಂದರೆ ಹಿಂದಿನ ಸಾಲ ತೀರಿಸೋದರಲ್ಲೇ ಸಂಬಳ ಮುಗಿದಿದೆ ಅಂತ. ಇಪ್ಪತ್ತು, ಇಪ್ಪತ್ತೆರಡಕ್ಕೆ ಹೋದರೆ ಓ.ಟಿ., ಅಂದರೆ ಶಿಫ್ಟ್ ಮುಗಿದ ಮೇಲಿನ ಹೆಚ್ಚುವರಿ ಕೆಲಸ, ಸಿಕ್ಕಿದೆ ಅಂತ. ಇಲ್ಲಿನ ಸಂಸಾರ ನಿಂತಿರೋದೇ ಓ.ಟಿ. ಮೇಲೆ. ಕಾನೂನಿನ ಪ್ರಕಾರ ಅದು ಡಬಲ್ ರೇಟ್, ನಾನು ದುಡಿದ ಶೆಡ್ಡಿನಲ್ಲಿ ಸಿಂಗಲ್ಲೇ ಕೊಡುತ್ತಿದ್ದರು, ಆ ಮಾತು ಬೇರೆ.

ಓ.ಟಿ. ಇದೆಯೋ ಇಲ್ಲವೋ ತಿಳಿಯೋಕೆ ಯಾರನ್ನೂ ಕೇಳಬೇಕಿಲ್ಲ. ಸಂಜೆ ಏಳೂವರೆ ಮೇಲೆ ಎಷ್ಟು ಫ್ಲಾಸ್ಕ್ ಟೀಗೆ ಹೋಗುತ್ತವೆ ನೋಡಿದರೆ ಸಾಕು. ಪಕ್ಕದ ಟೀ ಅಂಗಡಿಯವರು ಬನ್ನು, ಬ್ರೆಡ್ಡು ತಗೊಳ್ಳೋದು ನನ್ನ ಹತ್ತಿರ. ರಾತ್ರಿ ಬನ್ನು ಸಾಲದೆ ಇನ್ನೊಂದು ಟ್ರೇ ಕೇಳಿದ ದಿನ ಸೆಕೆಂಡ್ ಶಿಫ್ಟ್ ಓಡುತ್ತಿದೆ ಅಂತಲೇ ಲೆಕ್ಕ.

ನನಗೆ ತುಂಬಾ ನಂಬಿಕೆ ಇದ್ದದ್ದು ಗುಜರಿ. ಎದುರಿಗೆ ಮೂರು ಮೆಷಿನ್ ಶಾಪ್ ಇವೆ. ಕಬ್ಬಿಣ ಕತ್ತರಿಸಿದಷ್ಟೂ ಸುರುಳಿ ಸುರುಳಿ ಚಿಪ್ಸ್ ಬೀಳುತ್ತದೆ, ಅದನ್ನು ಡ್ರಮ್ಮಿಗೆ ತುಂಬಿ ಬಾಗಿಲ ಬಳಿ ಇಡುತ್ತಾರೆ, ಗುಜರಿ ಟೆಂಪೋ ಬಂದು ತೂಕ ಹಾಕಿ ಒಯ್ಯುತ್ತದೆ. ಓನರ್ ಕೆಲಸ ಇದೆ ಅಂತ ಸುಳ್ಳು ಹೇಳಬಹುದು, ಇಲ್ಲ ಅಂತಲೂ ಹೇಳಬಹುದು, ಡ್ರಮ್ಮಿಗೆ ಅದು ಬರಲ್ಲ. 2020ರಲ್ಲಿ ಮೂರೂ ಕಡೆ ಸೇರಿ ತಿಂಗಳಿಗೊಮ್ಮೆ ಟೆಂಪೋ ಬಂದರೆ ಹೆಚ್ಚು. ಮುಂದಿನ ವರ್ಷದ ಕೊನೆಗೆ ವಾರಕ್ಕೊಮ್ಮೆ ಬರೋಕೆ ಶುರುವಾಯಿತು. ಇದರಲ್ಲೂ ಒಮ್ಮೆ ಮೋಸ ಹೋದೆ. ಒಂದು ಶಾಪಿನ ಡ್ರಮ್ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿಯಿತು. ಪಾಪ, ಆರ್ಡರ್ ಹೋಯಿತೇನೋ ಅಂದುಕೊಂಡು ಅಲ್ಲಿನ ಹುಡುಗರಿಗೆ ಸಾಲ ಕೊಡುವಾಗ ಕೈ ಬಿಗಿ ಹಿಡಿದೆ. ಆಮೇಲೆ ಗೊತ್ತಾಯಿತು, ಅವರು ರೌಂಡ್ ಬಾರ್ (ಉದ್ದನೆ ಸರಳು) ಬಿಟ್ಟು ಫೋರ್ಜಿಂಗ್, ಅಂದರೆ ಕಾಯಿಸಿ ಬಡಿದ ತುಂಡು, ತರಿಸುತ್ತಿದ್ದಾರೆ. ಅದು ಹೆಚ್ಚುಕಡಿಮೆ ಆಕಾರಕ್ಕೆ ಬಂದೇ ಇರುತ್ತದೆ, ಕತ್ತರಿಸೋದು ಸ್ವಲ್ಪ, ಪೀಸು ಜಾಸ್ತಿ. ಹನ್ನೊಂದು ವರ್ಷ ಲೇತ್ ಮೇಲೆ ನಿಂತವನಿಗೆ ಇದು ಹೊಳೆಯಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಇನ್ನೊಂದು ಅಳತೆ ಚೀಟಿ. ನಮ್ಮದು ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಒಂದು ಲಕ್ಷದ ಚೀಟಿ. ದುಡ್ಡಿನ ಅವಸರ ಇದ್ದವರು ಹರಾಜು ಕೂಗುವಾಗ ಲಕ್ಷದಲ್ಲಿ ಎಷ್ಟು ಬಿಟ್ಟುಕೊಟ್ಟು ಎತ್ತುತ್ತಾರೆ ಅನ್ನೋದರಲ್ಲಿ ಬೀದಿಯ ನಾಡಿ ಸಿಗುತ್ತದೆ. ಕೊರೊನಾ ಕಾಲದ ಚೀಟಿಯಲ್ಲಿ ಮೂರನೇ ತಿಂಗಳು ಒಬ್ಬರು ಮೂವತ್ತೆರಡು ಸಾವಿರ ಬಿಟ್ಟು ಎತ್ತಿದರು. ಲಕ್ಷದ ಚೀಟಿಯನ್ನು ಅರವತ್ತೆಂಟು ಸಾವಿರಕ್ಕೆ ಎತ್ತೋದು ಅಂದರೆ ಮನೆಯಲ್ಲಿ ಯಾವ ಬೆಂಕಿ ಬಿದ್ದಿರಬೇಕು ಯೋಚಿಸಿ. ಎರಡು ವರ್ಷದ ಮೇಲೆ ಹೊಸ ಚೀಟಿಯ ಮೂರನೇ ತಿಂಗಳಲ್ಲಿ ಹದಿನಾಲ್ಕು ಸಾವಿರಕ್ಕೆ ಕೂಗು ನಿಂತಿತು. ಹೋಲಿಸುವಾಗ ತಿಂಗಳಿಗೆ ತಿಂಗಳು ಸರಿಹೊಂದಬೇಕು. ಚೀಟಿ ಮುಗಿಯುತ್ತಾ ಬಂದ ಹಾಗೆ ಬಿಡುವ ದುಡ್ಡು ತಾನಾಗಿಯೇ ಕಡಿಮೆಯಾಗುತ್ತದೆ, ಅದನ್ನು ಚೇತರಿಕೆ ಅಂದುಕೊಂಡರೆ ಕೆಟ್ಟಿರಿ.

ಕಾರ್ಖಾನೆ ಗೇಟಿನ ಬೋರ್ಡುಗಳನ್ನೂ ಓದುತ್ತಿದ್ದೆ. "ಸಿ.ಎನ್.ಸಿ. ಆಪರೇಟರ್ ಬೇಕಾಗಿದ್ದಾರೆ, 3 ವರ್ಷ ಅನುಭವ" ಅಂತಿದ್ದರೆ ಆ ಕಂಪ್ಯೂಟರ್ ಮೆಷಿನ್ ನಡೆಸುತ್ತಿದ್ದ ಯಾರೋ ಒಬ್ಬ ಬಿಟ್ಟು ಹೋಗಿದ್ದಾನೆ ಅಷ್ಟೆ. "ಅನುಭವ ಬೇಕಿಲ್ಲ, ರೂಮ್ ಕೊಡಲಾಗುವುದು" ಅಂತ ಬಂದ ದಿನ ಕೆಲಸ ನಿಜವಾಗಿ ಬಂದಿದೆ. ಮನೆ ಬಾಡಿಗೆ ಬೋರ್ಡುಗಳು ಇದಾದ ಒಂದೆರಡು ತಿಂಗಳಿಗೆ ಇಳಿಯುತ್ತವೆ, ಕೊನೆಗೆ ಮಾಲೀಕರು ಅಡ್ವಾನ್ಸ್ ಜಾಸ್ತಿ ಕೇಳುತ್ತಾರೆ. ಬಡವನ ಚೇತರಿಕೆ ತಿಂದು ಹಾಕೋದೂ ಅದೇ ಅಡ್ವಾನ್ಸು.

ಟೆಂಪೋ ಎಣಿಸೋಕೂ ಹೋಗಿದ್ದೆ. 2021ರ ಡಿಸೆಂಬರ್ ಕೊನೆಗೆ ಸರ್ವಿಸ್ ರೋಡಿನಲ್ಲಿ ಗಾಡಿಗಳು ಕಿಕ್ಕಿರಿದವು, ನನಗೆ ಖುಷಿಯೋ ಖುಷಿ. ಆಮೇಲೆ ನೋಡಿದರೆ, ಸೇತುವೆಯನ್ನು ಬಿಗಿಹಿಡಿಯುವ ಉಕ್ಕಿನ ಕೇಬಲ್ ತೊಂದರೆಯಿಂದ ತುಮಕೂರು ರಸ್ತೆಯ ಮೇಲ್ಸೇತುವೆ ಮುಚ್ಚಿ ಎಲ್ಲವನ್ನೂ ಕೆಳಗೆ ಇಳಿಸಿದ್ದರು. ಆ ಕಾಲಮ್ಮು ಅಲ್ಲಿಗೇ ಹೊಡೆದು ಹಾಕಿದೆ.

ವರ್ಷಕ್ಕೊಮ್ಮೆ ಸಿಗುವ ಅಳತೆ ಅಂದರೆ ಆಯುಧಪೂಜೆ. ಕುಂಬಳಕಾಯಿ, ನಿಂಬೆಹಣ್ಣು, ಕಡ್ಲೆಪುರಿ ಕೆಟ್ಟ ವರ್ಷದಲ್ಲೂ ಹೋಗುತ್ತದೆ, ಮೆಷಿನ್ನಿಗೆ ದೃಷ್ಟಿ ತೆಗೆಯದೆ ಯಾರೂ ಬಿಡಲ್ಲ. ನೋಡಬೇಕಾದ್ದು ಸ್ವೀಟ್ ಬಾಕ್ಸ್. ಒಂದು ಕೇಜಿ ಕೊಡುತ್ತಿದ್ದ ಶೆಡ್ಡು 2020ರಲ್ಲಿ ಕಾಲು ಕೇಜಿ ಕೊಟ್ಟಿತು, ಮರು ವರ್ಷ ಅರ್ಧ. 2022ರಲ್ಲಿ ಮತ್ತೆ ಒಂದು ಕೇಜಿ, ಮೇಲೊಂದು ಸ್ಟೀಲ್ ಡಬ್ಬಿ. ಹುಡುಗರು ಡಬ್ಬಿ ಬಡಿದುಕೊಂಡು ಅಂಗಡಿ ಮುಂದೆ ಹಾದುಹೋದರು.

2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾದ ಮೇಲೆ ನನ್ನ ತಾರೀಖಿನ ಲೆಕ್ಕ ಹಾಳಾಯಿತು. ಎರಡು ಸಾವಿರ ಬಿದ್ದ ಮೆಸೇಜ್ ಬಂದ ದಿನ ಅಕ್ಕಂದಿರು ನೇರ ಬಂದು ಬಾಕಿ ತೀರಿಸುತ್ತಾರೆ, ಅದು ಏಳನೇ ತಾರೀಖೇ ಆಗಬೇಕಿಲ್ಲ. ಅದಕ್ಕೆ ಬೇರೆ ಕಾಲಮ್ ಹಾಕಿದೆ.

ಈಗಿನ ತಲೆನೋವು ಇನ್ನೊಂದು. ಎದುರಿನ ಮೂರು ಶಾಪಿನ ಡ್ರಮ್ಮುಗಳೂ ತುಂಬುತ್ತಿವೆ, ಫ್ಲಾಸ್ಕು ಹೋಗುತ್ತಿವೆ, ಗೇಟಿನಲ್ಲಿ "ಅನುಭವ ಬೇಕಿಲ್ಲ" ಬೋರ್ಡಿದೆ. ನನ್ನ ಶಾಂಪೂ ಬಾಟಲಿ ಮಾತ್ರ ಧೂಳು ಹಿಡಿಯುತ್ತಿದೆ. ಮೊದಮೊದಲು ಅರ್ಥವಾಗಲಿಲ್ಲ. ಒಂದು ಭಾನುವಾರ ಮೇಲಿನ ರೂಮಿನ ಹುಡುಗ ಮೊಬೈಲ್‌ನಲ್ಲಿ ಆರ್ಡರ್ ಮಾಡಿದ ಚೀಲವನ್ನು ಬೈಕಿನವನ ಕೈಯಿಂದ ನನ್ನ ಅಂಗಡಿ ಮೆಟ್ಟಿಲ ಮೇಲೆ ನಿಂತೇ ಇಸ್ಕೊಂಡ. ನನ್ನನ್ನು ನೋಡಿ ಪಾಪ ಮುಜುಗರವಾಗಿ, "ಅಣ್ಣ, ಒಂದು ಬೆಂಕಿಪೊಟ್ಟಣ ಕೊಡಿ" ಅಂದ. ಕೊಟ್ಟೆ. ಹೋದ ಸೋಮವಾರದಿಂದ ಡೈರಿಯಲ್ಲಿ ಆ ಬೈಕುಗಳನ್ನೂ ಎಣಿಸುತ್ತಿದ್ದೇನೆ.