ಹಡಗು ಹತ್ತುವ ಮೊದಲು ಹಡಗು ಬಿಡುವುದನ್ನು ಕಲಿಯಿರಿ

ರೈಲು ಹಳಿಯೂ ಇಲ್ಲದ, ಕಡಲ ತೀರವೂ ಇಲ್ಲದ ಕೊಡಗಿನಿಂದಲೂ ಮಕ್ಕಳು ಮರ್ಚೆಂಟ್ ನೇವಿ ಸೇರುತ್ತಾರೆ. ಸೇನೆಗೆ ಹೊರಟ ಹುಡುಗನಿಗೆ ಏನು ಹೇಳಿ ಕಳುಹಿಸಬೇಕೆಂಬುದು ಇಲ್ಲಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಹಡಗಿಗೆ ಹೊರಟವನನ್ನು ಮಾತ್ರ ಸಂಬಳವೆಷ್ಟು, ರಜೆ ಯಾವಾಗ ಎಂದು ಕೇಳಿ ಸುಮ್ಮನಾಗುತ್ತಾರೆ. ಹಲವು ವರ್ಷ ಹಡಗು ನಡೆಸುವ ಡೆಕ್ ಅಧಿಕಾರಿಯಾಗಿ ದುಡಿದು ಈಗ ಸೋಮವಾರಪೇಟೆಯ ಕಡೆ ಕಾಫಿ ತೋಟ ನೋಡಿಕೊಳ್ಳುತ್ತಿರುವ ನನ್ನ ಬಳಿ ಬರುವ ತಂದೆತಾಯಿಯರೂ ಕೇಳುವುದು ಅದನ್ನೇ. ಸುರಕ್ಷತಾ ತರಬೇತಿ ಎಂದರೇನು, ಅದಕ್ಕೆ ಹೇಗೆ ಸಿದ್ಧರಾಗಬೇಕು ಎಂದು ಕೇಳಿದವರು ಕಡಿಮೆ. ಹಾಗಾಗಿ ಈ ಲೇಖನ.

ಮೊದಲು ಕಾಗದಪತ್ರ. ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ವೈದ್ಯರಿಂದ ದೇಹ ತಪಾಸಣೆ ಮಾಡಿಸಿ; ಡೆಕ್ ವಿಭಾಗಕ್ಕೆ ಹೋಗುವವರಿಗೆ ಬಣ್ಣಗುರುಡು ಇರಬಾರದಾದ್ದರಿಂದ ಶುಲ್ಕ ಕಟ್ಟುವ ಮುನ್ನವೇ ಕಣ್ಣಿನ ಪರೀಕ್ಷೆ ಮುಗಿಸಿಕೊಳ್ಳುವುದು ಜಾಣತನ. ಇಂಡೋಸ್ ಸಂಖ್ಯೆ, ಅಂದರೆ ನಾವಿಕರ ರಾಷ್ಟ್ರೀಯ ದಾಖಲೆಯಲ್ಲಿ ನಿಮ್ಮ ಗುರುತಿನ ಸಂಖ್ಯೆ, ಇಲ್ಲದೆ ಯಾವ ಕೋರ್ಸಿಗೂ ಹೆಸರು ನೋಂದಾಯಿಸಲಾಗುವುದಿಲ್ಲ. ಸಂಸ್ಥೆಗೆ ಮಾನ್ಯತೆ ಇದೆಯೇ ಎಂಬುದನ್ನು ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ನೀವೇ ನೋಡಿ. ಏಜೆಂಟರ ಮಾತನ್ನು ನಂಬಿ ಹಣ ಕೊಡಬೇಡಿ.

ಎರಡನೆಯದು ಮೂಲ ತರಬೇತಿ. ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ವಿಧಾನ, ಬೆಂಕಿ ತಡೆಯುವುದು ಮತ್ತು ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಹೊಣೆ, ಹಡಗಿನ ಭದ್ರತೆ ಎಂಬ ಐದು ಭಾಗಗಳು ಇದರಲ್ಲಿವೆ. 1978ರಲ್ಲಿ ರೂಪುಗೊಂಡು 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿಯಾದ ಎಸ್‌ಟಿಸಿಡಬ್ಲ್ಯೂ ಎಂಬ, ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ ಇದಕ್ಕೆ ಆಧಾರ. ತರಗತಿಯ ಪಾಠಗಳನ್ನು ಪುಸ್ತಕ ಓದಿಯೂ ತಿಳಿಯಬಹುದು, ಆದರೆ ಈಜುಕೊಳ ಮತ್ತು ಹೊಗೆಕೋಣೆಯಲ್ಲಿ ಕಲಿಯುವುದನ್ನು ಬೇರೆಲ್ಲೂ ಕಲಿಯಲಾಗದು.

ತೋಟದ ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕೊಳದಲ್ಲಿ ಮೊದಲು ಎದುರಾಗುವ ಕಷ್ಟವೆಂದರೆ ಈಜದೆ ಇರುವುದು. ತಣ್ಣೀರಿನಲ್ಲಿ ಕೈಕಾಲು ಬಡಿದಷ್ಟೂ ಮೈಯ ಕಾವು ಬೇಗ ಹೊರಟುಹೋಗುತ್ತದೆ. ಆದ್ದರಿಂದ ಲೈಫ್ ಜಾಕೆಟ್ ತೊಟ್ಟು, ಮೊಣಕಾಲನ್ನು ಎದೆಯತ್ತ ಮಡಿಸಿ, ತೋಳುಗಳನ್ನು ಪಕ್ಕೆಗೆ ಒತ್ತಿ ತೇಲುತ್ತಿರಬೇಕು. ನೀರಿಗೆ ಇಳಿಯುವುದಕ್ಕೂ ಕ್ರಮವಿದೆ. ಕೆಳಗೆ ಯಾರೂ ಇಲ್ಲ, ಏನೂ ತೇಲುತ್ತಿಲ್ಲ ಎಂದು ನೋಡಿಕೊಳ್ಳಿ. ಒಂದು ಕೈಯಿಂದ ಮೂಗು ಬಾಯಿ ಮುಚ್ಚಿ, ಇನ್ನೊಂದರಿಂದ ಜಾಕೆಟ್ಟನ್ನು ಕೆಳಕ್ಕೆ ಬಿಗಿಹಿಡಿಯಿರಿ. ದೃಷ್ಟಿಯನ್ನು ನೇರ ಮುಂದಕ್ಕಿಟ್ಟು, ನೆಗೆಯದೆ, ಒಂದು ಹೆಜ್ಜೆ ಮುಂದಿಟ್ಟು ಕಾಲು ಜೋಡಿಸಿ ಇಳಿಯಿರಿ. ಜಾಕೆಟ್ ಹಿಡಿಯದೆ ಎತ್ತರದಿಂದ ಬಿದ್ದರೆ ಅದು ಗಲ್ಲಕ್ಕೆ ಹೊಡೆಯುವ ಏಟು ಸಣ್ಣದಲ್ಲ.

ಮಗುಚಿದ ಲೈಫ್ ರಾಫ್ಟನ್ನು, ಅಂದರೆ ಅನಿಲ ತುಂಬಿ ಉಬ್ಬುವ ರಕ್ಷಣಾ ತೆಪ್ಪವನ್ನು, ಒಬ್ಬರೇ ನೆಟ್ಟಗೆ ಮಾಡುವುದು ಮುಂದಿನ ಪಾಠ. ರಾಫ್ಟಿನ ಅನಿಲದ ಸಿಲಿಂಡರು ಗಾಳಿ ಬೀಸಿ ಬರುವ ಬದಿಗಲ್ಲ, ಗಾಳಿ ಸಾಗಿ ಹೋಗುವ ಬದಿಗೆ ಬರುವಂತೆ ತಿರುಗಿಸಿ, ಅದರ ಮೇಲೆ ಕಾಲೂರಿ, ತಳದಲ್ಲಿರುವ ಪಟ್ಟಿಯನ್ನು ಹಿಡಿದು, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ವಾಲಬೇಕು. ಎದುರಿನ ಅಂಚು ಮೇಲೇಳುತ್ತಿದ್ದಂತೆ ಗಾಳಿಯೇ ಉಳಿದ ಕೆಲಸ ಮಾಡಿಕೊಡುತ್ತದೆ, ಮತ್ತು ಇಡೀ ರಾಫ್ಟು ನಿಮ್ಮ ಮೇಲೆಯೇ ಬೀಳುತ್ತದೆ. ಮೊದಲ ಸಲ ಅದರಡಿ ಸಿಕ್ಕಾಗ ನನಗೆ ದಿಕ್ಕೇ ತಿಳಿಯದೆ ಹೊಟ್ಟೆಯಡಿಯಾಗಿ ಹೊರಬರಲು ಹೋಗಿ, ಜಾಕೆಟ್ ಯಾವುದೋ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ರಾಫ್ಟಿನ ತಳ ಮೆತ್ತಗಿರುತ್ತದೆ. ಅಂಗೈಯಿಂದ ಮೇಲಕ್ಕೆ ಒತ್ತಿದರೆ ಮುಖದ ಮುಂದೆ ಉಸಿರಾಡುವಷ್ಟು ಜಾಗ ಸಿಗುತ್ತದೆ. ಅಲ್ಲಿ ಒಂದು ಉಸಿರು ತೆಗೆದುಕೊಂಡು, ಅಂಗಾತ ತಿರುಗಿ, ಕೈಯಿಂದ ತಳವನ್ನು ತಳ್ಳುತ್ತಾ ಹೊರಬರಬೇಕು.

ಬೆಂಕಿಯ ಪಾಠದಲ್ಲಿ ಉಸಿರಾಟದ ಉಪಕರಣ ಹೊತ್ತು, ಕಣ್ಣು ಕಾಣದ ಹೊಗೆಯಲ್ಲಿ ಬೊಂಬೆಯೊಂದನ್ನು ಹುಡುಕಿ ತರಬೇಕಾಗುತ್ತದೆ. ಬಾಗಿಲನ್ನೂ ಗೋಡೆಯನ್ನೂ ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮುಟ್ಟಬೇಕು. ಅಂಗೈಗೆ ವಿದ್ಯುತ್ ತಂತಿ ತಗುಲಿದರೆ ಬೆರಳುಗಳು ಒಳಕ್ಕೆ ಮಡಚಿ ಅದನ್ನೇ ಹಿಡಿದುಬಿಡುತ್ತವೆ. ಹೆಜ್ಜೆ ಎತ್ತಿಡದೆ ಕಾಲನ್ನು ಎಳೆಯುತ್ತಾ ನೆಲ ಇದೆಯೇ ಎಂದು ಪರೀಕ್ಷಿಸಿ ಸಾಗಬೇಕು. ಸಿಲಿಂಡರಿನಲ್ಲಿ ಕನಿಷ್ಠ 1,200 ಲೀಟರ್ ಗಾಳಿ ಇರಬೇಕೆಂಬುದು ನಿಯಮ. ಲೆಕ್ಕದಲ್ಲಿ ಅರ್ಧ ಗಂಟೆ ಬರಬೇಕಾದ ಈ ಗಾಳಿ, ಹೆದರಿ ಏದುಸಿರು ಬಿಡುವವನಿಗೆ ಅಷ್ಟು ಹೊತ್ತು ಬರುವುದಿಲ್ಲ. ಗಾಳಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಸಿಳ್ಳೆ ಕೇಳಿದೊಡನೆ ಕೆಲಸ ಅರ್ಧಕ್ಕೆ ಬಿಟ್ಟು ಹೊರಡಬೇಕು.

ನನ್ನನ್ನು ಕೇಳಿದರೆ ಇಡೀ ತರಬೇತಿಯಲ್ಲಿ ಅತ್ಯಂತ ಕಠಿಣವಾದದ್ದು ಮುಚ್ಚಿದ ಜಾಗಗಳ ಪಾಠ. ಪಾಳು ಬಾವಿಗೋ ಗೋಬರ್ ಗ್ಯಾಸ್ ಗುಂಡಿಗೋ ಇಳಿದವನು ಕುಸಿದುಬಿದ್ದು, ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಮೇಲೆ ಬಾರದ ಸುದ್ದಿಗಳನ್ನು ನಾವು ಓದಿದ್ದೇವೆ. ಹಡಗಿನ ಟ್ಯಾಂಕುಗಳಲ್ಲಿ ಆಗುವುದೂ ಇದೇ. ತುಂಬ ದಿನ ಮುಚ್ಚಿಟ್ಟ ಟ್ಯಾಂಕಿನಲ್ಲಿ ವಿಷಾನಿಲ ಇರಲೇಬೇಕೆಂದಿಲ್ಲ. ಕಬ್ಬಿಣ ತುಕ್ಕು ಹಿಡಿಯುವಾಗಲೇ ಒಳಗಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ಶೇ 21ರಷ್ಟಿರಬೇಕಾದ ಅದು ತೀರಾ ಇಳಿದಿದ್ದರೂ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಗಾಳಿಯಾಡಿಸಿ, ಬಳಿಕ ಮೀಟರನ್ನು ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು ಅಳೆದು, ಲಿಖಿತ ಅನುಮತಿ ಪಡೆದು, ಟ್ಯಾಂಕಿನ ಬಾಯಿಯ ಬಳಿ ಒಬ್ಬನನ್ನು ಕಾವಲಿಗೆ ನಿಲ್ಲಿಸಿಯೇ ಒಳಗಿಳಿಯಬೇಕು. ಒಳಗಿದ್ದವನು ಬಿದ್ದರೆ ಆ ಕಾವಲಿನವನು ಇಳಿಯಕೂಡದು. ಅಲಾರಂ ಕೊಟ್ಟು, ಉಪಕರಣ ಹೊತ್ತ ತಂಡ ಬರುವವರೆಗೆ ಅಲ್ಲೇ ನಿಲ್ಲಬೇಕು. ಜೊತೆಗಾರ ಕಣ್ಣೆದುರೇ ಬಿದ್ದಿರುವಾಗ ಕಾಲು ಕಟ್ಟಿಕೊಂಡು ನಿಲ್ಲುವುದನ್ನು ದೇಹಕ್ಕೆ ಅಭ್ಯಾಸ ಮಾಡಿಸುವುದಕ್ಕಾಗಿಯೇ 2015ರ ಜನವರಿಯಿಂದ ಹಡಗುಗಳಲ್ಲಿ ಎರಡು ತಿಂಗಳಿಗೊಮ್ಮೆ ಈ ಡ್ರಿಲ್ ಕಡ್ಡಾಯವಾಗಿದೆ. ನೆರೆಮನೆಯ ಕೂಗಿಗೆ ಹಿಂದೆಮುಂದೆ ನೋಡದೆ ಓಡುವ ನಮ್ಮವರಿಗೆ ಇದು ಒಗ್ಗುವುದು ತಡ, ನನಗೂ ತಡವಾಗಿಯೇ ಒಗ್ಗಿತು.

ಅಧಿಕಾರಿಯಾಗುವವನಿಗೆ ಇಷ್ಟು ಸಾಲದು. ಸುಧಾರಿತ ಅಗ್ನಿಶಮನ, ವೈದ್ಯಕೀಯ ಪ್ರಥಮ ಚಿಕಿತ್ಸೆ, ಲೈಫ್ ಬೋಟ್ ಮತ್ತು ರಕ್ಷಣಾ ದೋಣಿಗಳ ನಿರ್ವಹಣೆ ಎಂಬ ಮೇಲಿನ ಕೋರ್ಸುಗಳನ್ನು ಮುಗಿಸಬೇಕು; ಚೀಫ್ ಆಫೀಸರ್ ಮತ್ತು ಕ್ಯಾಪ್ಟನ್ ಹುದ್ದೆಗೆ ವೈದ್ಯಕೀಯ ಆರೈಕೆಯ ತರಬೇತಿಯೂ ಬೇಕು. ಇಲ್ಲಿ ಪೈಪು ಹಿಡಿಯುವುದಕ್ಕಿಂತ, ಯಾರನ್ನು ಎಲ್ಲಿಗೆ ಕಳುಹಿಸಬೇಕು, ಎಷ್ಟು ಹೊತ್ತಿಗೆ ವಾಪಸು ಕರೆಯಬೇಕು ಎಂಬುದೇ ಮುಖ್ಯ. ಎಂಜಿನ್ ಕೋಣೆಗೆ ಕಾರ್ಬನ್ ಡೈಆಕ್ಸೈಡ್ ಬಿಡುವ ಮುನ್ನ ಎಲ್ಲರ ತಲೆ ಎಣಿಸಿ, ಒಳಗೆ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಂಕಿಯನ್ನು ಆರಿಸುವ ಆ ಅನಿಲ ಒಳಗಿದ್ದವನನ್ನೂ ಉಳಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ದಿನಗಳನ್ನು ಕಂಡವರಿಗೆ, ಯಾರು ಹೊರಬಂದರು, ಯಾರು ಬರಲಿಲ್ಲ ಎಂಬ ಲೆಕ್ಕದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಜೀವರಕ್ಷಣೆ ಮತ್ತು ಅಗ್ನಿಶಮನದ ಪ್ರಮಾಣಪತ್ರಗಳನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ರಜೆಯಲ್ಲಿ ಊರಿಗೆ ಬಂದಾಗ ದಿನಾಂಕ ನೋಡಿಕೊಳ್ಳದಿದ್ದರೆ ಹೊಸ ಕರಾರು ಕೈತಪ್ಪಬಹುದು.

ಹೊಸ ಹಡಗು ಹತ್ತಿದ ದಿನ ಪೆಟ್ಟಿಗೆ ಬಿಚ್ಚುವ ಮುನ್ನ, ತುರ್ತಿನಲ್ಲಿ ಯಾರ ಕೆಲಸ ಏನೆಂದು ಹೇಳುವ ಮಸ್ಟರ್ ಪಟ್ಟಿಯಲ್ಲಿ ನಿಮ್ಮ ಹುದ್ದೆಯ ಎದುರು ಬರೆದಿರುವ ಕೆಲಸವನ್ನೂ ನಿಮ್ಮ ಲೈಫ್ ಬೋಟಿನ ಸಂಖ್ಯೆಯನ್ನೂ ಓದಿ. ಏಳು ಅಥವಾ ಹೆಚ್ಚು ಗಿಡ್ಡ ಸಿಳ್ಳೆ, ಬಳಿಕ ಒಂದು ಉದ್ದ ಸಿಳ್ಳೆ ಕೇಳಿದರೆ ಎಲ್ಲರೂ ಸೇರುವ ಜಾಗವಾದ ಮಸ್ಟರ್ ಸ್ಟೇಷನ್ನಿಗೆ ಓಡಬೇಕು. ಹಡಗು ಬಿಡುವ ಆದೇಶವನ್ನು ಕ್ಯಾಪ್ಟನ್ ಬಾಯಿಮಾತಿನಲ್ಲಿ ಕೊಡುತ್ತಾರೆ. ಪಟ್ಟಿ ಓದಿದ ಮೇಲೆ ಕ್ಯಾಬಿನ್ ಬಾಗಿಲಿನಿಂದ ಮಸ್ಟರ್ ಸ್ಟೇಷನ್ನಿನವರೆಗೆ ಒಮ್ಮೆ ಕಣ್ಣು ಬಿಟ್ಟು ನಡೆಯಿರಿ, ಇನ್ನೊಮ್ಮೆ ಕಣ್ಣು ಮುಚ್ಚಿ, ಗೋಡೆ ಸವರುತ್ತಾ, ಬಾಗಿಲುಗಳನ್ನೂ ಮೆಟ್ಟಿಲುಗಳನ್ನೂ ಎಣಿಸುತ್ತಾ ನಡೆಯಿರಿ. ನೋಡಿದವರು ನಗಬಹುದು. ನಾನು ಇಳಿದ ಕೊನೆಯ ಹಡಗಿನಲ್ಲಿ ಆ ದಾರಿಗೆ ಮೂರು ಬಾಗಿಲು, ಇಪ್ಪತ್ತಾರು ಮೆಟ್ಟಿಲು.