ಹೊರಗೆ ಬರೀ ಗೋಡೆ, ಒಳಗೆ ತೊಟ್ಟಿ: ಮೊರಾಕೊದ ಹಳೇ ಮನೆಗಳಲ್ಲಿ ಏಳು ರಾತ್ರಿ

ಮರಾಕೇಶ್‌ನಲ್ಲಿ ಟ್ಯಾಕ್ಸಿಯವನು ನಮ್ಮನ್ನು ಹಳೇ ಊರಿನ ಕೋಟೆ ಬಾಗಿಲಿನ ಹತ್ತಿರ ಇಳಿಸಿದ. ಅಲ್ಲಿಂದ ಮುಂದೆ ಕಾರು ಹೋಗಲ್ಲ. ತಳ್ಳುಗಾಡಿಯವನೊಬ್ಬ ನಮ್ಮ ಸೂಟ್‌ಕೇಸ್ ಏರಿಸಿಕೊಂಡು ಮುಂದೆ ನಡೆದ. ಆ ಗಾಡಿಗೆ ಅಲ್ಲಿ ಕರೋಸ್ಸಾ ಅನ್ನುತ್ತಾರೆ. ಓಣಿ ಕಿರಿದಾಗುತ್ತಾ ಹೋಯಿತು. ಎರಡೂ ಕಡೆ ಕೆಮ್ಮಣ್ಣಿನ ಬಣ್ಣದ ಎತ್ತರದ ಗೋಡೆ, ಒಂದು ಕಿಟಕಿಯೂ ಇಲ್ಲ. "ಏನೇ ಇದು, ಗೋಡೌನಿಗೆ ಕರ್ಕೊಂಡು ಹೋಗ್ತಿದಾನಾ?" ಎಂದು ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

ತಗ್ಗು ಬಾಗಿಲು ದಾಟಿದೆವು. ಒಳಗೆ ನೇರವಾಗಿ ಏನೂ ಕಾಣಲ್ಲ. ದಾರಿ ಒಮ್ಮೆ ತಿರುಗುತ್ತದೆ. ಬೀದಿಯಲ್ಲಿ ಹೋಗುವವರ ಕಣ್ಣು ಮನೆಯೊಳಗೆ ಬೀಳಬಾರದು ಅಂತಲೇ ಹಾಗೆ ಕಟ್ಟಿದ್ದಾರೆ. ತಿರುವು ದಾಟಿದ ಕೂಡಲೇ ತಲೆಯ ಮೇಲೆ ಆಕಾಶ, ನಡುವೆ ಕಾರಂಜಿ, ಸುತ್ತ ನಾಲ್ಕು ಪಾತಿ, ಪಾತಿಗಳಲ್ಲಿ ಕಿತ್ತಳೆ ಗಿಡ. ತೀರ್ಥಹಳ್ಳಿ ಕಡೆಯ ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. "ತೊಟ್ಟಿಮನೆ ಕಣೇ" ಎಂದು ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟಳು.

ನಾವು ಹೋಗಿದ್ದು ಫೆಬ್ರವರಿಯಲ್ಲಿ. ಮರಾಕೇಶ್‌ನಲ್ಲಿ ಮೂರು ರಾತ್ರಿ, ಫೆಸ್‌ನಲ್ಲಿ ನಾಲ್ಕು. ಇಂಥ ಅತಿಥಿಗೃಹಗಳನ್ನೆಲ್ಲ ಈಗ ಸುಮ್ನೆ ರಿಯಾದ್ ಎಂದು ಕರೆದುಬಿಡುತ್ತಾರೆ. ಆದರೆ ಆ ಅರಬ್ಬೀ ಪದಕ್ಕೆ ತೋಟ ಅಂತ ಅರ್ಥ. ಅಂಗಳದಲ್ಲಿ ತೋಟ ಇದ್ದರೆ ಮಾತ್ರ ರಿಯಾದ್. ಬರೀ ಹಾಸುಗಲ್ಲಿನ ಅಂಗಳವಿದ್ದರೆ ಅದು ದಾರ್, ಅಂದರೆ ಮನೆ. ರೂಮು ಹುಡುಕುವಾಗ ಇದು ಗೊತ್ತಿದ್ದರೆ ಒಳ್ಳೆಯದು, ಯಾಕಂದ್ರೆ ಹೆಸರಲ್ಲಿ ರಿಯಾದ್ ಇದ್ದರೂ ಒಂದು ಗಿಡವೂ ಇಲ್ಲದ ಮನೆಗಳು ಬೇಕಾದಷ್ಟಿವೆ.

ಮೊದಲ ಮನೆಯಲ್ಲಿ ನಾನು ರೂಮು ಆರಿಸಿದ್ದು ತಪ್ಪಾಯಿತು. ಅಮ್ಮನಿಗೆ ಮಂಡಿನೋವು, ಅದಕ್ಕೇ ಕೆಳಗಿನ ರೂಮು ಕೇಳಿದ್ದೆ. ಫೋಟೋದಲ್ಲಿ ತುಂಬ ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿಯೇ ಇತ್ತು. ಆದರೆ ಅದಕ್ಕಿದ್ದದ್ದು ಒಂದೇ ಕಿಟಕಿ, ಅದೂ ಅಂಗಳಕ್ಕೆ. ಕಿಟಕಿಯ ಆಚೆಗೇ ತಿಂಡಿಯ ಮೇಜು. ಪರದೆ ತೆಗೆದರೆ ಎಲ್ಲರಿಗೂ ನಾವು ಕಾಣುತ್ತೇವೆ, ಎಳೆದರೆ ಹಗಲಲ್ಲೂ ಕತ್ತಲೆ. ರಾತ್ರಿ ಮೂರನೇ ಅಂತಸ್ತಿನಲ್ಲಿ ಯಾರೋ ಚಮಚ ಬೀಳಿಸಿದರೂ ಕಿವಿಯ ಪಕ್ಕ ಬಿದ್ದಹಾಗೆ ಕೇಳುತ್ತಿತ್ತು. ಅಂಗಳ ಬಾವಿಯ ಹಾಗೆ, ಸದ್ದೆಲ್ಲ ತಳಕ್ಕೇ ಇಳಿಯುತ್ತದೆ.

ಮತ್ತೆ ಚಳಿ! ಹಗಲು ಬಿಸಿಲು ಬೆಚ್ಚಗಿತ್ತು, ರಾತ್ರಿ 7-8 ಡಿಗ್ರಿಗೆ ಇಳಿಯುತ್ತಿತ್ತು. ದಪ್ಪ ಮಣ್ಣಿನ ಗೋಡೆ, ಎತ್ತರದ ಸೂರು, ತೆರೆದ ಅಂಗಳ, ಎಲ್ಲವೂ ಬೇಸಿಗೆಯ ಉರಿಯಿಂದ ತಪ್ಪಿಸಿಕೊಳ್ಳಲು ಕಟ್ಟಿದ್ದು. ಗೋಡೆಯ ಮೇಲಿನ ಎಸಿ ಬಿಸಿಗಾಳಿ ಬಿಟ್ಟರೂ ಅದು ಸೂರಿಗೆ ಹೋಗಿ ಕೂರುತ್ತಿತ್ತು. ಮನೆ ನೋಡಿಕೊಳ್ಳುವಾಕೆ ಹೆಚ್ಚಿನ ಕಂಬಳಿ ತಂದುಕೊಟ್ಟು ಹೇಳಿದಳು: ಹಿಂದಿನವರು ಬೇಸಿಗೆಯಲ್ಲಿ ಕೆಳಗೆ, ಚಳಿಗಾಲದಲ್ಲಿ ಮೇಲೆ ಇರುತ್ತಿದ್ದರಂತೆ. ಅಂದರೆ ಫೆಬ್ರವರಿಯಲ್ಲಿ ಮನೆಯವರೇ ಮಲಗದ ಕಡೆ ನಾನು ಅಮ್ಮನನ್ನು ಮಲಗಿಸಿದ್ದೆ.

ಫೆಸ್‌ನ ಮನೆಗೆ ಹಣ ಕಟ್ಟುವ ಮೊದಲು ವಾಟ್ಸಾಪ್‌ನಲ್ಲಿ ಉದ್ದದ ಪತ್ರವನ್ನೇ ಬರೆದೆ. ಮೆಟ್ಟಿಲು ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯಾ? ಕಿಟಕಿ ಅಂಗಳಕ್ಕೆ ಮಾತ್ರವಾ, ತಾರಸಿಯ ಕಡೆಗೂ ಒಂದು ಇದೆಯಾ? ಹಾಸಿಗೆ ಪಕ್ಕಕ್ಕೆ ಎಳೆದುಕೊಳ್ಳುವ ಹೀಟರ್ ಇದೆಯಾ? ಟ್ಯಾಕ್ಸಿ ನಿಲ್ಲುವ ಜಾಗದಿಂದ ಎಷ್ಟು ನಿಮಿಷದ ನಡಿಗೆ, ಏರಾ ಇಳಿಜಾರಾ? ಮಳೆ ಬಂದರೆ ಅಂಗಳಕ್ಕೆ ಹೊದಿಕೆ ಹಾಕುತ್ತೀರಾ? ಒಂದು ಮನೆಯವರು "ಎಲ್ಲ ಸರಿ ಇದೆ" ಎಂದಷ್ಟೇ ಬರೆದರು. ಇನ್ನೊಂದು ಮನೆಯವರು ಮೆಟ್ಟಿಲಿನ ಫೋಟೋ ಕಳಿಸಿ, "19 ಮೆಟ್ಟಿಲು, ಒಂದೊಂದೂ ಎತ್ತರ, ಅಮ್ಮನವರು ನಿಧಾನವಾಗಿ ಹತ್ತಬೇಕು" ಎಂದರು. ಆ ಮನೆಯನ್ನೇ ಹಿಡಿದೆ. ಅಮ್ಮ ಆ ಮೆಟ್ಟಿಲನ್ನು ದಿನಕ್ಕೆ ಎರಡೇ ಸಲ ಹತ್ತಿದಳು, ನಡುವೆ ಅಂಗಳದಲ್ಲೇ ಇರುತ್ತಿದ್ದಳು.

ನಮ್ಮ ರೂಮು ಉದ್ದ, ಆದರೆ ಅಗಲ ಮೂರು ಮೀಟರೂ ಇರಲಿಲ್ಲ. ಈ ಮನೆಗಳ ರೂಮುಗಳೇ ಹಾಗೆ. ಸೀಡರ್ ಮರದ ತೊಲೆ ಎಷ್ಟು ಉದ್ದ ಸಿಗುತ್ತದೋ ರೂಮು ಅಷ್ಟೇ ಅಗಲ. ಅಂಗಳದ ಕಡೆಗೆ ಎರಡಾಳೆತ್ತರದ ಜೋಡಿ ಬಾಗಿಲು, ಆ ಬಾಗಿಲಿನೊಳಗೇ ಒಂದು ಪುಟ್ಟ ಬಾಗಿಲು. ಚಳಿಯಲ್ಲಿ ದೊಡ್ಡದನ್ನು ಮುಚ್ಚಿ ಚಿಕ್ಕದರಲ್ಲಿ ಓಡಾಡಬೇಕು. ಬಚ್ಚಲುಮನೆಯ ಗೋಡೆಗೆ ತಾದೆಲಾಕ್ಟ್ ಗಾರೆ. ಸುಣ್ಣವನ್ನು ನುಣುಪು ಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಸೋಪು ಹಚ್ಚಿ ಮತ್ತೆ ಉಜ್ಜುತ್ತಾರೆ. ಆಗ ಅದು ನೀರು ಹೀರಲ್ಲ. ಅಮ್ಮ ಅದರ ಮೇಲೆ ಕೈಯಾಡಿಸಿ, "ನಮ್ಮಲ್ಲಿ ಗಾರೆ ನೆಲ ಹೀಗೇ ಮಿಂಚ್ತಿತ್ತು" ಎಂದಳು. ನೆಲದ ಚಿತ್ತಾರ ಜೆಲ್ಲಿಜ್. ಬಣ್ಣದ ಹೆಂಚಿನ ಬಿಲ್ಲೆಯಿಂದ ಒಂದೊಂದೇ ಚೂರನ್ನು ಸುತ್ತಿಗೆಯಲ್ಲಿ ಕತ್ತರಿಸಿ ಜೋಡಿಸುತ್ತಾರೆ. ಮಳೆ ಬಂದ ದಿನ ಅದು ಬಹಳ ಜಾರುತ್ತದೆ. ರಬ್ಬರ್ ತಳದ ಚಪ್ಪಲಿ ಒಯ್ಯಲೇಬೇಕು.

ರಿಪೇರಿಗೆ ಮೊದಲು ಆ ಮನೆಯಲ್ಲಿ ಆರು ಕುಟುಂಬ ಇದ್ದವಂತೆ. 1912ರಲ್ಲಿ ಫ್ರೆಂಚರ ಆಡಳಿತ ಬಂತು. ಅವರು ಕೋಟೆಯ ಹೊರಗೆ ಹೊಸ ಊರು ಕಟ್ಟಿದರು. ಮುಂದೆ ಉಳ್ಳವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಹಳ್ಳಿಗಳಿಂದ ಬಂದವರು ಹಳೇ ಮನೆಗಳನ್ನು ರೂಮು ರೂಮಾಗಿ ಹಂಚಿಕೊಂಡರು. ಫೆಸ್‌ನ ಹಳೇ ಊರು 1981ರಲ್ಲೇ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಆದರೂ ಓಣಿಗಳಲ್ಲಿ ಬೀಳುವ ಗೋಡೆಗೆ ಮರದ ಆಸರೆ ಕೊಟ್ಟು ನಿಲ್ಲಿಸಿದ್ದು ಇಂದಿಗೂ ಕಾಣುತ್ತದೆ. ಅದನ್ನು ನೋಡಿಕೊಂಡೇ ನಮ್ಮ ಹೊಳೆಯುವ ಅಂಗಳಕ್ಕೆ ಬರಬೇಕಿತ್ತು. ಆ ಆರು ಕುಟುಂಬ ಈಗ ಎಲ್ಲಿದೆ ಎಂದು ನಾನು ಕೇಳಿದೆ. ಹೊಸ ಬಡಾವಣೆಗಳಲ್ಲಿ ಎಂದರು. ಅದು ನನಗೆ ಇನ್ನೂ ತಲೆಯಲ್ಲಿ ಕೂತಿದೆ. ಮನೆ ಉಳಿದದ್ದು ನಮ್ಮಂಥವರು ಕೊಡುವ ದುಡ್ಡಿನಿಂದಲೂ ಹೌದು, ಅಲ್ಲಿದ್ದವರು ಬಿಟ್ಟು ಹೋದದ್ದರಿಂದಲೂ ಹೌದು.

ಊಟದ ವಿಷಯ. ರಾತ್ರಿಯ ಅಡುಗೆ ಬೇಕಿದ್ದರೆ ಬೆಳಿಗ್ಗೆಯೇ ಹೇಳಬೇಕು, ಯಾಕಂದ್ರೆ ಅಡುಗೆಯವರು ಆಮೇಲೆ ಪೇಟೆಗೆ ಹೋಗುತ್ತಾರೆ. ನಾವು ಸಸ್ಯಾಹಾರಿಗಳು. "ತರಕಾರಿ" ಎಂದಷ್ಟೇ ಹೇಳಿದರೆ ಸಾಲದು. ಏಳು ತರಕಾರಿಯ ಕುಸ್‌ಕುಸ್ (ಗೋಧಿ ರವೆಯ ಉದುರುದುರು ಅಡುಗೆ) ಕೂಡ ಸಾಮಾನ್ಯವಾಗಿ ಮಾಂಸದ ಸಾರಿನಲ್ಲೇ ಬೇಯುತ್ತದೆ. ಸಾರಿನಲ್ಲೂ ಮಾಂಸ ಬೇಡ ಎಂದು ಬಿಡಿಸಿ ಹೇಳಿದೆವು. ಆಮೇಲೆ ಚಿಂತೆ ಇರಲಿಲ್ಲ. ಜಾಲೂಕ್ ಎಂಬ ಬದನೆಕಾಯಿ ಗೊಜ್ಜು, ಫಾವಾ ಎಂಬ ಅವರೆಯಂಥ ಒಣ ಕಾಳನ್ನು ಅರೆದು ಜೀರಿಗೆ, ಆಲಿವ್ ಎಣ್ಣೆ ಹಾಕಿದ ಬಿಸಾರಾ, ತಿಂಡಿಗೆ ಮ್ಸೆಮೆನ್ ಎಂಬ ಪದರ ಪದರವಾದ ರೊಟ್ಟಿ. ಮೂರನೇ ದಿನ ಅಡುಗೆಯಾಕೆ ಹಸಿ ಫಾವಾ ಕಾಯಿ ಬಿಡಿಸುತ್ತಿದ್ದಳು. ಅಮ್ಮ ಹೋಗಿ ಪಕ್ಕದಲ್ಲಿ ಕೂತಳು. ಬಿಡಿಸಿದ ಕಾಳಿನ ಮೇಲುಸಿಪ್ಪೆಯನ್ನು ಹಿತಕಿ ತೋರಿಸಿದಳು, ನಮ್ಮ ಹಿತಕಿದವರೆಗೆ ಮಾಡುವ ಹಾಗೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಒಂದು ಗಂಟೆ ಎದ್ದೇಳಲಿಲ್ಲ.

ಇನ್ನೆರಡು ಮಾತು. ರೂಮಿನ ಬಾಡಿಗೆಯ ಜೊತೆಗೆ ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಇರುತ್ತದೆ. ದಿರ್ಹಮ್ ನೋಟು ಕೈಯಲ್ಲಿರಲಿ. ಮೊದಲ ದಿನ ಮನೆಯಿಂದಲೇ ಒಬ್ಬರು ಬಂದು ಕರೆದೊಯ್ಯುವ ಹಾಗೆ ಗೊತ್ತು ಮಾಡಿಕೊಳ್ಳಿ. ಓಣಿಗಳಲ್ಲಿ ಫೋನಿನ ನಕ್ಷೆ ದಾರಿ ತಪ್ಪಿಸುತ್ತದೆ. "ಆ ದಾರಿ ಮುಚ್ಚಿದೆ" ಎಂದು ಬೇರೆ ಕಡೆ ಕರೆದೊಯ್ದು ದುಡ್ಡು ಕೇಳುವ ಹುಡುಗರೂ ಇರುತ್ತಾರೆ. "ಬಾಲಕ್!" (ದಾರಿ ಬಿಡಿ) ಎಂದು ಕೂಗು ಕೇಳಿದರೆ ಗೋಡೆಗೆ ಒತ್ತಿ ನಿಲ್ಲಿ, ಹಿಂದೆ ಹೇಸರಗತ್ತೆ ಬರುತ್ತಿರುತ್ತದೆ.

ಕಿತ್ತಳೆ ಹೂ ಬಿಡುವುದು ಮಾರ್ಚ್-ಏಪ್ರಿಲ್‌ನಲ್ಲಂತೆ. ಅಮ್ಮನಿಗೆ ಅದನ್ನು ನೋಡುವ ಆಸೆ. ಮೆಕ್ನೆಸ್‌ನ ಒಂದು ಮನೆಗೆ ಮೊನ್ನೆ ಬರೆದಿದ್ದೇನೆ, ಮೆಟ್ಟಿಲಿನ ಫೋಟೋ ಕಳಿಸಿ ಎಂದು.